ಓದುಗರು ಕೇಳಿದ್ದು: ಪ್ರಶಸ್ತಿಗೂ ಮುಂಚಿನ ಕಥೆ

ಅಗ್ಗದ ವಿಮಾನ ಕಂಪನಿ ಕಟ್ಟಿದವನ ಕಥೆ ಇರುವ ತಮಿಳು ಸಿನಿಮಾ ನೋಡಿದೆ. ಅದು ನಮ್ಮ ಕ್ಯಾಪ್ಟನ್ ಗೋಪಿನಾಥ್ ಅವರ ಕಥೆಯಂತೆ. ಅದರಲ್ಲಿ ಇರುವುದೆಲ್ಲ ನಿಜವೇ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಅವರ ಬದುಕಿನ ಎಳೆ ಇದೆ, ಆದರೆ ಸಿನಿಮಾ ಸಿನಿಮಾನೇ. ಅದರ ಹೀರೋ ವಾಯುಪಡೆಯವನು, ಗೊರೂರಿನ ಗೋಪಿನಾಥ್ ಇದ್ದದ್ದು ಭೂಸೇನೆಯಲ್ಲಿ. ನನಗೆ ಜಾಸ್ತಿ ಇಷ್ಟವಾಗುವುದು ಅವರು ಸೇನೆ ಬಿಟ್ಟು ಬಂದ ಮೇಲಿನ ಕಾಲ. ಮನೆತನದ ಜಮೀನು ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿತ್ತು, ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಟೆಂಟ್ ಹಾಕಿಕೊಂಡು ಬೇಸಾಯ ಶುರು ಮಾಡಿದರು. ತೆಂಗು, ರೇಷ್ಮೆ, ಆಮೇಲೆ ಹಾಸನದಲ್ಲಿ ಬೈಕ್ ಮಾರಾಟ, ಹೋಟೆಲ್. ಚುನಾವಣೆಗೂ ನಿಂತು ಸೋತರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಹೆಲಿಕಾಪ್ಟರ್ ಬಾಡಿಗೆ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಅಂದರೆ ರಾತ್ರಿ ಕನಸು ಬಿದ್ದು ಬೆಳಗ್ಗೆ ವಿಮಾನ ಹಾರಿಸಿದವರಲ್ಲ. ಒಂದು ರೂಪಾಯಿ ಟಿಕೆಟ್ ವಿಷಯ ಎಲ್ಲರಿಗೂ ಗೊತ್ತಲ್ವಾ, ಅದನ್ನು ಬಿಡಿ. ಕೊನೆಗೆ ಆ ಕಂಪನಿ ಕಿಂಗ್‌ಫಿಷರ್ ಪಾಲಾಯಿತು.

ಹಲವು ವರ್ಷಗಳಿಂದ 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೇನೆ. ಕೀಲಿಗಳನ್ನು ಹೀಗೆ ಜೋಡಿಸಿದವರು ಯಾರು? ಅವರ ಬಗ್ಗೆ ನಾಲ್ಕು ಮಾತು ಹೇಳಿ.
– ಡಿಟಿಪಿ ಕೆಲಸದವರು, ದಾವಣಗೆರೆ

ಕೆ.ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಮುದ್ರಣ ಮತ್ತು ಅಕ್ಷರ ಜೋಡಣೆಯ ಕೆಲಸದಲ್ಲಿ ಪಳಗಿದರು.

ನಿಮ್ಮ ಬೆರಳು ದಿನವೂ ಮಾಡುವುದನ್ನೇ ಒಮ್ಮೆ ಗಮನಿಸಿ. 'ಕನ್ನಡ' ಅಂತ ಬರೆಯಲು ನೀವು ಒತ್ತುವುದು ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಕೀಲಿ. ಹಳೆಯ ಟೈಪ್‌ರೈಟರಿನಲ್ಲಿ ಕೊಂಬು, ಗುಡಿಸು, ಒತ್ತು ಎಲ್ಲ ಬಿಡಿ ಬಿಡಿ ತುಂಡು. ಕಣ್ಣಿಗೆ ಕಾಣುವ ಆಕಾರವನ್ನು ಒಂದೊಂದಾಗಿ ಅಂಟಿಸುತ್ತಾ ಹೋಗಬೇಕಿತ್ತು. ರಾವ್ ಆಕಾರದ ಗೊಡವೆಯನ್ನು ಕಂಪ್ಯೂಟರಿಗೆ ಬಿಟ್ಟರು. ಬಾಯಲ್ಲಿ ಬರುವ ಕ್ರಮದಲ್ಲೇ ಕೈಯಲ್ಲೂ ಒತ್ತಿದರೆ ಸಾಕು, ಎಲ್ಲಿ ಒತ್ತು ಕೂರಬೇಕು, ಎಲ್ಲಿ ಗುಡಿಸು ಬರಬೇಕು ಅಂತ ತಂತ್ರಾಂಶವೇ ನೋಡಿಕೊಳ್ಳುತ್ತದೆ. 'ಕ'ಗೆ ಶಿಫ್ಟ್ ಸೇರಿದರೆ 'ಖ', 'ಲ'ಗೆ ಸೇರಿದರೆ 'ಳ'. ಎರಡು ವ್ಯಂಜನ ಕೂಡಿಸಲು ನಡುವೆ ಎಫ್. ಕನ್ನಡದ ಅಷ್ಟೂ ಅಕ್ಷರ, ಒತ್ತಕ್ಷರ ಸೇರಿ, ಇಂಗ್ಲಿಷಿನ 26 ಕೀಲಿಗಳಲ್ಲೇ ಮುಗಿದು ಹೋಯಿತು. ವ್ಯಾಕರಣ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಉಪಾಯ ಇದು, ಬರೀ ಕೋಡ್ ಬರೆಯುವವರಿಗೆ ಅಷ್ಟು ಸುಲಭಕ್ಕೆ ಹೊಳೆಯುವುದಲ್ಲ ಅಂತ ನನ್ನ ಅನಿಸಿಕೆ. ಅವರ ತಂತ್ರಾಂಶದ ಹೆಸರೇ 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಅದು! ದುಡ್ಡು ಕೇಳದೆ ಸುಮ್ನೆ ಜನರಿಗೆ ಬಿಟ್ಟುಕೊಟ್ಟರು. ಮುಂದೆ ಸರ್ಕಾರವೂ ಇದೇ ವಿನ್ಯಾಸವನ್ನು ಒಪ್ಪಿಕೊಂಡಿತು.

ಅಂದ ಹಾಗೆ, ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ತಂದ 'ಬರಹ'ದ ದಾರಿ ಬೇರೆ. ಅದರಲ್ಲಿ ಕನ್ನಡವನ್ನು ಇಂಗ್ಲಿಷ್ ಸ್ಪೆಲಿಂಗ್‌ನಂತೆ ಬರೆದರೆ ಕನ್ನಡ ಮೂಡುತ್ತದೆ. ಹೊರದೇಶದ ಕನ್ನಡಿಗರು ಅದನ್ನೇ ಹಿಡಿದುಕೊಂಡರು. ಯಾವುದು ಮೇಲು ಅಂತ ಜಗಳ ಬೇಡ, ಆದರೆ ವೇಗ ಬೇಕಿದ್ದರೆ ನನ್ನ ಓಟು ರಾವ್ ಕಡೆಗೆ.

ಒಂಬತ್ತನೇ ಕ್ಲಾಸಿನ ಮಗಳು ಶಿವರಾಮ ಕಾರಂತರ ಬಗ್ಗೆ ಒಂದು ಪುಟ ಬರೆಯಬೇಕಂತೆ. ಹುಟ್ಟು, ತಂದೆ ತಾಯಿ, ಪ್ರಶಸ್ತಿ ಬರೆದರೆ ಸಾಕಾ?
– ತಾಯಿಯೊಬ್ಬರು, ಶಿರಸಿ

ಮಾರ್ಕ್ಸಿಗೆ ಸಾಕು. 1902, ಕೋಟ, ಜ್ಞಾನಪೀಠ 1977 – ಮೂರು ಸಾಲಲ್ಲಿ ಮುಗಿಸಿ. ಉಳಿದ ಪುಟಕ್ಕೆ ಒಂದೇ ಸಂಗತಿ ಆರಿಸಿಕೊಳ್ಳಲಿ. ಗಾಂಧೀಜಿ ಮಾತು ಕೇಳಿ ಕಾಲೇಜು ಬಿಟ್ಟದ್ದನ್ನು ಬರೆಯಬಹುದು. ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದದ್ದನ್ನೂ ಬರೆಯಬಹುದು. ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣ ವಾಪಸ್ ಕೊಟ್ಟದ್ದು ಇನ್ನೊಂದು. ನೀವು ಶಿರಸಿಯವರಾದ್ದರಿಂದ ನಾನಾಗಿದ್ದರೆ ಕೈಗಾ ಆರಿಸುತ್ತಿದ್ದೆ. ಅಣು ಸ್ಥಾವರ ಬೇಡ ಅಂತ 1989ರಲ್ಲಿ, 87ರ ವಯಸ್ಸಿನಲ್ಲಿ, ನಿಮ್ಮದೇ ಜಿಲ್ಲೆಯಿಂದ ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ಆ ಚುನಾವಣೆ ನೋಡಿದವರು ನಿಮ್ಮ ಓಣಿಯಲ್ಲೇ ಇದ್ದಾರು, ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲು ಹೇಳಿ.