ದೊಡ್ಡಪತ್ರೆ ರಸ ಯಾರಿಗೆ, ಎಷ್ಟು, ಹೇಗೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ: ಎಂಟು ತಿಂಗಳ ಮೊಮ್ಮಗನಿಗೆ ನೆಗಡಿ, ಕೆಮ್ಮು. ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ನೆಕ್ಕಿಸೋಣವೆಂದರೆ ಸೊಸೆ ಬೇಡವೆನ್ನುತ್ತಾಳೆ. ಎಲೆ ಹಿಂಡಿದರೆ ರಸವೂ ಇಳಿಯುವುದಿಲ್ಲ. ಸಾಲದ್ದಕ್ಕೆ ಕುಂಡದ ಗಿಡ ಬುಡದಲ್ಲಿ ಕಪ್ಪಾಗಿ ಕೊಳೆಯುತ್ತಿದೆ.

ಸಂಪಾದಕರ ಉತ್ತರ: ಸೊಸೆಯ ಮಾತು ಕೇಳಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ತೊಟ್ಟೂ ಕೂಡದು. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಮೊಳೆಯುವುದಿಲ್ಲ. ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಟ್ಟರೆ ಮಗುವಿನ ಕೈಕಾಲು ಸೋತು, ಹಾಲು ಚೀಪುವ ಶಕ್ತಿಯೂ ಹೋಗುತ್ತದೆ. ಜೇನು ಬಿಸಿ ಮಾಡಿದರೂ, ಮನೆಯ ಪೆಟ್ಟಿಗೆಯದೇ ಆದರೂ ಈ ಅಪಾಯ ತಪ್ಪದು. ಜೇನು ಬಿಟ್ಟು ಬರೀ ರಸ ಕೊಡೋಣವೆಂದರೆ, ಅದರ ಘಾಟಿಗೆ ಕೂಸಿನ ಗಂಟಲು ಉರಿಯುತ್ತದೆ. ಅದೂ ಬೇಡ.

ಈ ವಯಸ್ಸಿಗೆ ಪದೇ ಪದೇ ಎದೆಹಾಲು, ಹಾಲೂಡುವ ಮುಂಚೆ ಮೂಗಿಗೆ ಔಷಧಿ ಅಂಗಡಿಯ ಸಲೈನ್ (ಉಪ್ಪುನೀರಿನ) ಹನಿ, ಇಷ್ಟು ಸಾಕು. ಮಗು ಅಳದೆ ಮಲಗಿರುವಾಗ ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ರಸದ ಮಾತು. ಹಸಿ ಎಲೆ ಹಿಂಡಿದರೆ ಕೈಗೆ ಪಸೆ ಹತ್ತುತ್ತದೆಯೇ ಹೊರತು ರಸ ಬಾರದು. ತೊಳೆದು ಒರೆಸಿದ ನಾಲ್ಕೈದು ಬಲಿತ ಎಲೆಗಳನ್ನು ಎಣ್ಣೆಯಿಲ್ಲದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಹರಡಿ. ಅರ್ಧ ನಿಮಿಷಕ್ಕೆ ಮಗುಚಿ. ಗರಿಗರಿಯಾಗಿದ್ದ ಎಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದು ಬಣ್ಣ ಮಂಕಾದೊಡನೆ ಇಳಿಸಿ. ಶಾಖಕ್ಕೆ ಎಲೆಯ ಜೀವಕೋಶಗಳು ಸಡಿಲವಾಗಿ ನೀರು ಬಿಟ್ಟುಕೊಡುತ್ತವೆ. ಕಾವಲಿಯ ಮೇಲೆ ಚುರ್ರೆನ್ನುವವರೆಗೆ ಬಿಟ್ಟರೆ ರಸ ಅಲ್ಲೇ ಇಂಗುತ್ತದೆ, ಘಮ ಕೊಡುವ ಎಣ್ಣೆಯೂ ಹಾರಿಹೋಗುತ್ತದೆ. ನೇರ ಬೆಂಕಿಗೆ ಹಿಡಿಯುವವರಿದ್ದಾರೆ. ಅಂಚು ಸೀದು ರಸ ಕಹಿಯಾಗುತ್ತದೆ. ಬಿಸಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿದರೆ ಸುಮಾರು ಒಂದು ಚಮಚ ಸಿಗುತ್ತದೆ.

ದೊಡ್ಡವರು ಅಷ್ಟೇ ಜೇನು ಬೆರೆಸಿ ದಿನಕ್ಕೆರಡು ಸಲ, ಎರಡು ಮೂರು ದಿನ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಜೇನಿನ ಲೆಕ್ಕ ಇಟ್ಟುಕೊಳ್ಳಲಿ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಕೂಡಿಡಬೇಡಿ, ಪ್ರತಿ ಸಲ ಹೊಸದಾಗಿ ಹಿಂಡಿಕೊಳ್ಳಿ. ಗಂಟಲಿಗೆ ಹಿತವಾಗುತ್ತದೆ, ಅಷ್ಟೇ. ನೆಗಡಿ ತನ್ನಷ್ಟಕ್ಕೆ ತಾನೇ ಇಳಿಯಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಸೊಪ್ಪು ನೆಚ್ಚಿ ಕೂರದೆ ಕಫ ಪರೀಕ್ಷೆ ಮಾಡಿಸಿ, ಕ್ಷಯವಿರಬಹುದು.

ಗಿಡ ಕೊಳೆಯುವುದು ನೀರು ಹೆಚ್ಚಾಗಿ. ಎಲೆ, ಕಾಂಡದಲ್ಲೇ ನೀರು ತುಂಬಿಕೊಂಡಿರುವ ಜಾತಿ ಇದು. ಮಲೆನಾಡಿನ ಮಳೆಗೆ ಕುಂಡವನ್ನು ಸೂರಿನಡಿ ಸರಿಸಬೇಕು. ಕೊಳೆತ ಬುಡ ಉಳಿಯದು. ಮೇಲಿನ ಆರೋಗ್ಯವಂತ ಕುಡಿಯನ್ನು ನಾಲ್ಕಂಗುಲದಷ್ಟು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಡಿ. ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ನೆಡಿ. ಕುಂಡದ ತೂತು ಮುಚ್ಚಿಲ್ಲವೇ ನೋಡಿಕೊಳ್ಳಿ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಸಿಕ್ಕಾಗಷ್ಟೇ ನೀರು ಹಾಕಿ. ಬೇರು ಹಿಡಿದ ಮೇಲೆ ತುದಿ ಚಿವುಟುತ್ತಿದ್ದರೆ ಪಕ್ಕದ ಕವಲು ಒಡೆದು ತಂಬುಳಿಗೂ ಸಾಕಷ್ಟು ಎಲೆ ಬರುತ್ತದೆ.