ಮೊದಲ ಸಲಕ್ಕೆ ಎಷ್ಟು ಕೆಜಿ ಹಾಕಿಸಬೇಕು?

ನೀವು ಕೇಳಿದ್ದು ಇಷ್ಟು: "ಒಲಿಂಪಿಕ್ಸ್‌ನಂಥ ದೊಡ್ಡ ಸ್ಪರ್ಧೆ ನೋಡಿ ಛಲ ಬಿಡದೆ ಇರೋದನ್ನು ನಿಜವಾಗಿ ಯಾರಾದರೂ ಕಲಿತಿದ್ದೀರಾ? ನಾನು ಎರಡು ಸಲ ಪರೀಕ್ಷೆಯಲ್ಲಿ ಫೇಲ್ ಆಗಿದ್ದೇನೆ. ಎಲ್ಲರೂ ಆಟಗಾರರ ವಿಡಿಯೊ ಕಳಿಸುತ್ತಾರೆ. ನೋಡಿದ ಅರ್ಧ ಗಂಟೆ ಹುರುಪು ಇರುತ್ತೆ, ಆಮೇಲೆ ಅದೇ ಕಥೆ."

ಆ ಅರ್ಧ ಗಂಟೆಯ ಹುರುಪು ನನಗೂ ಚೆನ್ನಾಗಿ ಗೊತ್ತು. ನಾನು ಗದಗಿನ ಬೆಟಗೇರಿಯವನು. ಡಿಗ್ರಿ ಮುಗಿಸಿ 2015ರಿಂದ ಲಾಕ್‌ಡೌನ್ ಆಗುವವರೆಗೆ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದಿದೆ. ಸಪ್ತಾಪುರ ನೋಡದವರಿಗೆ ಹೇಳಬೇಕಂದ್ರೆ, ಅಲ್ಲಿ ಓಣಿ ಓಣಿಗೂ ಒಂದು ಕೋಚಿಂಗ್ ಸೆಂಟರ್, ಒಂದು ಝೆರಾಕ್ಸ್ ಅಂಗಡಿ, ತಿಂಗಳಿಗಿಷ್ಟು ಅಂತ ಕೊಟ್ಟು ಕೂತು ಓದುವ ಲೈಬ್ರರಿ. ಇಡೀ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು ಅಲ್ಲಿ ಚಹಾ ಕುಡಿಯುತ್ತಾ ನೋಟಿಫಿಕೇಶನ್ ಕಾಯುತ್ತಿರುತ್ತಾರೆ. ನನ್ನ ರೂಮಿನ ಗೋಡೆಗೆ ಮೂವರು ಆಟಗಾರರ ಫೋಟೊ ಅಂಟಿಸಿದ್ದೆ. ಧಾರವಾಡದ ಮಳೆಗೆ ಗೋಡೆ ಒದ್ದೆಯಾಗಿ ಮೊದಲ ಆಷಾಢದಲ್ಲೇ ಮೂವರೂ ಕೆಳಗೆ ಬಿದ್ದರು. ಮತ್ತೆ ಅಂಟಿಸಲಿಲ್ಲ.

2016ರ ರಿಯೊ ಒಲಿಂಪಿಕ್ಸ್ ನಡೆದಾಗ ನಾನು ಅದನ್ನು ನೋಡಿದ್ದು ಲೈಬ್ರರಿಯ ಪೇಪರ್‌ನಲ್ಲಿ, ಜನರಲ್ ನಾಲೆಡ್ಜ್ ಅಂತ. ಸಿಂಧು ಬೆಳ್ಳಿ, ಸಾಕ್ಷಿ ಮಲಿಕ್ ಕಂಚು. ನೋಟ್ಸ್‌ನಲ್ಲಿ ಬರೆದುಕೊಂಡೆ. ಅದೇ ಕೂಟದಲ್ಲಿ ಮಣಿಪುರದ ಮೀರಾಬಾಯಿ ಚಾನು ಅನ್ನೋ ವೇಟ್‌ಲಿಫ್ಟರ್ ಸೋತಿದ್ದಳು. ಅವಳ ಹೆಸರು ಬರೆದುಕೊಳ್ಳಲಿಲ್ಲ. ಸೋತವರ ಬಗ್ಗೆ ಪ್ರಶ್ನೆ ಬರಲ್ಲವಲ್ಲ!

ಈಗ ನೋಡಿದರೆ, ಆ ಇಡೀ ಒಲಿಂಪಿಕ್ಸ್‌ನಲ್ಲಿ ನನಗೆ ಬೇಕಾಗಿದ್ದ ಸುದ್ದಿ ಅದೊಂದೇ.

ಅದನ್ನು ಹೇಳೋ ಮೊದಲು ಆಟದ ಲೆಕ್ಕ ಸ್ವಲ್ಪ ಹೇಳಬೇಕು. ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಬಗೆ. ಒಂದು ಸ್ನ್ಯಾಚ್, ನೆಲದಿಂದ ಒಂದೇ ಏಟಿಗೆ ತಲೆ ಮೇಲೆ. ಇನ್ನೊಂದು ಕ್ಲೀನ್ ಅಂಡ್ ಜರ್ಕ್, ಮೊದಲು ಎದೆ ಮಟ್ಟ, ಅಲ್ಲಿಂದ ಮೇಲೆ. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ದೊಡ್ಡ ಭಾರ ಕೂಡಿಸಿ ಒಟ್ಟು ಲೆಕ್ಕ. ಮೊದಲ ಸಲ ಎಷ್ಟು ಕೆಜಿ ಅಂತ ಎತ್ತುವವರೇ ಹೇಳಬೇಕು. ಎತ್ತಲು ಆಗದಿದ್ದರೆ ಮುಂದಿನ ಸಲ ಅಷ್ಟೇ ಇಡಬಹುದು ಅಥವಾ ಹೆಚ್ಚು ಮಾಡಬಹುದು. ಕಡಿಮೆ ಮಾಡೋ ಹಾಗಿಲ್ಲ. ಒಂದು ಬಗೆಯಲ್ಲಿ ಮೂರೂ ತಪ್ಪಿದರೆ ಒಟ್ಟು ಲೆಕ್ಕವೇ ಇಲ್ಲ. ಇನ್ನೊಂದರಲ್ಲಿ ಏನೇ ಎತ್ತಿದ್ದರೂ ಹೆಸರಿನ ಮುಂದೆ ಸ್ಪರ್ಧೆ ಮುಗಿಸಲಿಲ್ಲ ಅಂತ ಬರೆಯುತ್ತಾರೆ.

ರಿಯೊದಲ್ಲಿ ಮೀರಾಬಾಯಿಗೆ ಆಗಿದ್ದು ಅದೇ. ಸ್ನ್ಯಾಚ್‌ನಲ್ಲಿ 82 ಕೆಜಿ ಎತ್ತಿದಳು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 104 ತಪ್ಪಿತು. 106 ತಪ್ಪಿತು. ಮತ್ತೆ 106, ಅದೂ ತಪ್ಪಿತು.

ನಾನು ಆ ಹೊತ್ತಿಗೆ ಏನು ಮಾಡುತ್ತಿದ್ದೆ ಅಂದ್ರೆ, ರಾಜ್ಯದ ದೊಡ್ಡ ಅಧಿಕಾರಿಗಳ ಪರೀಕ್ಷೆ ಕೆಎಎಸ್ ಒಂದನ್ನೇ ಹಿಡಿದು ಕೂತಿದ್ದೆ. ಎಫ್‌ಡಿಎ, ಎಸ್‌ಡಿಎ ಅನ್ನೋ ಗುಮಾಸ್ತರ ಹುದ್ದೆ, ಗ್ರಾಮ ಪಂಚಾಯಿತಿಯ ಪಿಡಿಒ ಹುದ್ದೆ, ಯಾವುದಕ್ಕೂ ಅರ್ಜಿ ಹಾಕುತ್ತಿರಲಿಲ್ಲ. ರೂಮ್‌ಮೇಟ್ ಎಸ್‌ಡಿಎ ಫಾರ್ಮ್ ತುಂಬುವಾಗ ನಾನು ನಕ್ಕಿದ್ದೆ. "ಗುರಿ ದೊಡ್ಡದಿರಬೇಕು" ಅಂತ ಅವನಿಗೆ ಭಾಷಣ ಬೇರೆ. ಅವನು ಈಗ ಒಂದು ತಾಲ್ಲೂಕು ಕಚೇರಿಯಲ್ಲಿದ್ದಾನೆ, ಎರಡು ಮಕ್ಕಳು. ನನ್ನ ಭಾಷಣ ನೆನಪಿಸಿ ಇವತ್ತಿಗೂ ಕಾಲೆಳೆಯುತ್ತಾನೆ. ನಾನು ಕೆಎಎಸ್‌ನ ಮೊದಲ ಹಂತ ಪ್ರಿಲಿಮ್ಸ್ ಎರಡು ಸಲ ಬರೆದು ಎರಡು ಸಲವೂ ಬಿದ್ದೆ. ಬಿದ್ದಾಗಲೆಲ್ಲ ಯೂಟ್ಯೂಬ್ ತೆಗೆದು, ಓಡುವಾಗ ಬಿದ್ದು ಎದ್ದವರ ವಿಡಿಯೊ. ಮತ್ತೆ ಅದೇ ಪರೀಕ್ಷೆ, ಅದೇ ಪುಸ್ತಕ. ಅಪ್ಪ ಮಗ್ಗದ ಮೇಲೆ ಸೀರೆ ನೇಯ್ದು ತಿಂಗಳು ತಿಂಗಳು ರೊಕ್ಕ ಕಳಿಸುತ್ತಿದ್ದರು. ಇದಕ್ಕೆ ನಾನು ಇಟ್ಟ ಹೆಸರು ಛಲ.

2020ರಲ್ಲಿ ಲಾಕ್‌ಡೌನ್ ಆಗಿ ಗಂಟು ಕಟ್ಟಿಕೊಂಡು ಬೆಟಗೇರಿಗೆ ಬಂದೆ.

ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ತಡವಾಗಿ ನಡೆಯಿತಲ್ಲ, 2021ರ ಜುಲೈ 24, ಶನಿವಾರ, ಮೀರಾಬಾಯಿಯ ಸ್ಪರ್ಧೆ. ನಮ್ಮ ಕಡೆ ಮಳೆ ಹಿಡಿದಿತ್ತು, ಮಾರ್ಕೆಟ್‌ಗೆ ಮಾಲು ಬಂದಿರಲಿಲ್ಲ. ಹಾಗಾಗಿ ನಮ್ಮ ಕಾಕಾ ಮನೆಯಲ್ಲೇ ಇದ್ದರು. ಕಾಕಾ ಗದಗ ಎಪಿಎಂಸಿಯಲ್ಲಿ ಹಮಾಲಿ. ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ, ಏನು ಬಂದರೂ ಅವರ ಬೆನ್ನ ಮೇಲೆಯೇ ಇಳಿಯಬೇಕು. ಮೊದಲೆಲ್ಲ ಕ್ವಿಂಟಾಲ್ ಚೀಲ ಹೊತ್ತವರು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡುವವರಲ್ಲ. ಭಾರ ಎತ್ತೋದು ಅಂದಾಗ ಮಾತ್ರ ಮೊಬೈಲ್ ಹತ್ತಿರ ಸರಿದು ಕೂತರು.

"ಏ ತಮ್ಮಾ, ಈ ಹುಡುಗಿ ತೂಕ ಎಷ್ಟಂದಿ?"

"49 ಕೆಜಿ ಒಳಗೆ ಕಾಕಾ."

"ಸುಳ್ಳ ಹೇಳಬ್ಯಾಡ."

ಆವತ್ತು ಅವಳು ಸ್ನ್ಯಾಚ್ ಶುರು ಮಾಡಿದ್ದು 84ರಿಂದ. ಆಮೇಲೆ 87. ಮೂರನೇದು 89, ಆಗಲಿಲ್ಲ. ಕ್ಲೀನ್ ಅಂಡ್ ಜರ್ಕ್‌ನಲ್ಲಿ 110, ಆಮೇಲೆ 115. ಕೊನೆಗೆ 117, ಅದೂ ಆಗಲಿಲ್ಲ. ಒಟ್ಟು 202 ಕೆಜಿ, ಬೆಳ್ಳಿ. ಎರಡೂ ಬಗೆಯಲ್ಲಿ ಕೊನೇದು ತಪ್ಪಿತ್ತು ಅನ್ನೋದನ್ನು ಯಾರೂ ಹೇಳಲ್ಲ ನೋಡಿ. ಹೇಳೋ ಅಗತ್ಯವೂ ಇಲ್ಲ, ಅಷ್ಟು ಹೊತ್ತಿಗೆ ಬೇಕಾದ್ದು ಕೈಯಲ್ಲಿತ್ತು.

ನನಗೆ ಹಿಡಿಸಿದ್ದು 110 ಅನ್ನೋ ಅಂಕಿ. ಮೂರು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಇದೇ ಮೀರಾಬಾಯಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಎತ್ತಿ ವಿಶ್ವದಾಖಲೆ ಮಾಡಿದ್ದಳು. 119 ಎತ್ತಿದವಳು ಒಲಿಂಪಿಕ್ಸ್‌ನಲ್ಲಿ 110ರಿಂದ ಯಾಕೆ ಶುರು ಮಾಡಬೇಕು? ಆ ತಾಷ್ಕೆಂಟ್‌ನಲ್ಲೇ ಇನ್ನೊಂದು ಸಂಗತಿ ನಡೆದಿತ್ತು. ಸ್ನ್ಯಾಚ್ ಅನ್ನು 85ರಿಂದ ಶುರು ಮಾಡಿ ಎರಡು ಸಲ ತಪ್ಪಿದ್ದಳು. ಮೂರನೇ ಸಲ 86 ಎತ್ತಿ ಉಳಿದುಕೊಂಡಳು. ಅದು ತಪ್ಪಿದ್ದರೆ ರಿಯೊ ಕಥೆಯೇ ಮತ್ತೆ. ಟೋಕಿಯೊದಲ್ಲಿ ಶುರು ಮಾಡಿದ್ದು 84ಕ್ಕೆ. ಒಂದು ಕೆಜಿ ಕೆಳಗೆ.

ಅವಳ ಮತ್ತು ಕೋಚ್‌ನ ತಲೆಯಲ್ಲಿ ಏನಿತ್ತೋ, ನಾನಂತೂ ಅಂಕಿ ನೋಡಿ ಅರ್ಥ ಮಾಡಿಕೊಂಡಿದ್ದು ಇಷ್ಟು: ಮೊದಲ ಸಲ ಖಂಡಿತ ಎತ್ತಬಲ್ಲಷ್ಟೇ ಹಾಕಿಸಬೇಕು. ಇದನ್ನು ಕಾಕಾಗೆ ಹೇಳಿದೆ. ಅವರಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ.

"ನಾವೂ ಹಂಗ. ಮುಂಜಾನೆ ಮೊದಲನೇ ಲಾರಿಗೆ ದೊಡ್ಡ ಚೀಲಕ್ಕ ಕೈ ಹಚ್ಚೂದಿಲ್ಲ. ಒಂದ್ಸಲ ಸೊಂಟ ಹಿಡೀತಂದ್ರ ಆ ದಿನದ ಕೂಲಿ ಎಲ್ಲಾ ಹೋತು."

ನಾನು ಸುಮ್ನೆ ಕೂತೆ. ಐದು ವರ್ಷ ಸಪ್ತಾಪುರದಲ್ಲಿ ಕೂತು ನನಗೆ ಹೊಳೆಯದ್ದು ಅದು. ಇನ್ನೂ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ವೇಟ್‌ಲಿಫ್ಟರ್‌ಗೆ ಹಾಕಿಸಿದ ಭಾರ ಇಳಿಸಲು ನಿಯಮವೇ ಬಿಡಲ್ಲ. ನನಗೆ ಯಾವ ನಿಯಮ ಇತ್ತು? ಎರಡು ಸಲ ಬಿದ್ದ ಮೇಲೆ ಆರಾಮಾಗಿ ಇಳಿಸಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಮರ್ಯಾದೆ ಪ್ರಶ್ನೆ ಅಂತ ನಾನೇ ಇಳಿಸಲಿಲ್ಲ.

ಇಷ್ಟು ಹೇಳಿದಾಗ ಕೆಲವರು "ಹಾಗಾದರೆ ಕನಸು ಸಣ್ಣದು ಮಾಡಿಕೊಳ್ಳಿ ಅಂತೀರಾ?" ಅಂತ ಕೇಳುತ್ತಾರೆ. ಹಾಗಲ್ಲ. 110ರಿಂದ ಶುರು ಮಾಡಿದವಳ ಕಣ್ಣು ಪದಕದ ಮೇಲೆಯೇ ಇತ್ತು. ಲೆಕ್ಕದಲ್ಲಿ ಮೊದಲು ಒಂದು ಅಂಕಿ ಬೀಳಲಿ ಅಂತ ಅಷ್ಟೇ.

ನಮ್ಮ ಊರಿನದೇ ಉದಾಹರಣೆ ಇದೆ. ಗದಗಿನವರಿಗೆ ಕ್ರಿಕೆಟ್ ಬೌಲರ್ ಸುನಿಲ್ ಜೋಶಿ ಅಂದ್ರೆ ನೈರೋಬಿ. 1999ರ ಸೆಪ್ಟೆಂಬರ್, ಎದುರು ದಕ್ಷಿಣ ಆಫ್ರಿಕಾ. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಆಗ ನಾನು ಸಣ್ಣವನು, ಏನೂ ನೆನಪಿಲ್ಲ. ಆದರೂ ಚಹಾದ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದೇನೆ ಅಂದ್ರೆ, ನಾನೇ ಸ್ಕೋರ್ ಬರೆದ ಹಾಗೆ ಅನಿಸುತ್ತೆ. ಅದಕ್ಕಿಂತ ಮೂರು ವರ್ಷ ಮೊದಲು, 1996ರಲ್ಲಿ, ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಅವರ ಮೊದಲ ಟೆಸ್ಟ್. ಬೆರಳು ಮುರಿದು ಒಂದು ಓವರ್ ಕೂಡ ಬೌಲ್ ಮಾಡಲು ಆಗಲಿಲ್ಲ. ಈ ಕಥೆ ಚಹಾದ ಅಂಗಡಿಯಲ್ಲಿ ನಡೆಯಲ್ಲ, ಯಾಕೋ.

ಅವರ ಬಗ್ಗೆ ಇನ್ನೊಂದು ಮಾತು ಎಲ್ಲರಿಗೂ ಗೊತ್ತು. ಹುಡುಗನಾಗಿದ್ದಾಗ ದಿನಾ ಬೆಳಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸ್‌ಗೆ ಹೋಗುತ್ತಿದ್ದರು. ಸುಮಾರು 60 ಕಿಲೋಮೀಟರ್. ಮುಗಿಸಿಕೊಂಡು ಶಾಲೆ ಹೊತ್ತಿಗೆ ಗದಗಿಗೆ ವಾಪಸ್. ನಮ್ಮ ಮೇಷ್ಟ್ರು, ಕೋಚಿಂಗ್‌ನವರು, ನೆಂಟರು ಎಲ್ಲರೂ ಈ ಕಥೆ ಹೇಳುವಾಗ ಹುಬ್ಬಳ್ಳಿಗೆ ಹೋಗಿದ್ದನ್ನೇ ಜೋರಾಗಿ ಹೇಳುತ್ತಾರೆ. ಶಾಲೆ ಹೊತ್ತಿಗೆ ವಾಪಸ್ ಬಂದಿದ್ದನ್ನು ನುಂಗಿಬಿಡುತ್ತಾರೆ. ನನಗೆ ಈಗ ಆ ವಾಪಸ್ ಬಂದಿದ್ದೇ ದೊಡ್ಡದಾಗಿ ಕಾಣುತ್ತೆ. ಕ್ರಿಕೆಟ್‌ಗೋಸ್ಕರ ಶಾಲೆ ಬಿಟ್ಟ ಅನ್ನೋ ಕಥೆ ಅದಲ್ಲ. ಮೀರಾಬಾಯಿಯೂ ಹಾಗೇ. ಹಳ್ಳಿಯಿಂದ ಇಂಫಾಲದ ಅಕಾಡೆಮಿಗೆ ಹೋಗಲು ಮರಳಿನ ಲಾರಿ ಹತ್ತುತ್ತಿದ್ದಳು. ಟೋಕಿಯೊದಿಂದ ಬಂದ ಮೇಲೆ ಸುಮಾರು 150 ಲಾರಿ ಡ್ರೈವರ್, ಕ್ಲೀನರ್‌ಗಳನ್ನು ಕರೆದು ಊಟ ಹಾಕಿ ಸನ್ಮಾನ ಮಾಡಿದಳು. ಮನೆ, ಊರು, ಲಾರಿಯವರು, ಯಾವುದನ್ನೂ ಕಡಿದುಕೊಂಡು ಹೋದವಳಲ್ಲ. ನಾನಾದರೋ ಓದುವಾಗ ಹಬ್ಬಕ್ಕೂ ಊರಿಗೆ ಹೋಗುತ್ತಿರಲಿಲ್ಲ. ಅದೂ ಒಂದು ತಪಸ್ಸು ಅಂದುಕೊಂಡಿದ್ದೆ.

ನೂರನೇ ಒಂದು ಸೆಕೆಂಡಿಗೆ ಪದಕ ತಪ್ಪಿಸಿಕೊಂಡ ಪಿ.ಟಿ. ಉಷಾ ಅವರ 1984ರ ಓಟ ನಿಮಗೂ ಯಾರಾದರೂ ಕಳಿಸಿರಬಹುದು. ಅದನ್ನು ನೋಡಿದರೆ ನನಗೆ ಹುರುಪು ಬರಲ್ಲ, ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಅದರಲ್ಲಿ ಪಾಠ ಹುಡುಕೋದು ನನಗೆ ಸರಿ ಅನಿಸಲ್ಲ. ಬಿಡಿ.

ಕಾಕಾ ಅವತ್ತು ಹೇಳಿದ ಇನ್ನೊಂದು ಮಾತು ಮಾತ್ರ ಬರೆಯಲೇಬೇಕು. ಮೀರಾಬಾಯಿ 115 ಕೆಜಿಯನ್ನು ಎದೆ ಮಟ್ಟಕ್ಕೆ ತಂದು ಒಂದು ಕ್ಷಣ ನಿಂತಳು. ನನಗೆ ಉಸಿರೇ ನಿಂತಿತ್ತು. ಕಾಕಾ ಬೆರಳಿಟ್ಟು ತೋರಿಸಿದರು. "ಎದಿಮಟ ಯಾರರ ತರತಾರ. ಅಲ್ಲಿ ನಿಂತು ಉಸಿರು ತಗೋತಾಳ ನೋಡು, ಕೆಲಸ ಅದು."

ಮೈ ಮೇಲೆ ಭಾರ ಇದ್ದಾಗಲೇ ಉಸಿರು ತೆಗೆದುಕೊಳ್ಳೋದು. ನಾನು ಭಾರ ಕೆಳಗೆ ಹಾಕಿ ಮೂರು ತಿಂಗಳು ಮಲಗುತ್ತಿದ್ದವನು. ಪ್ರತಿ ರಿಸಲ್ಟ್ ಆದ ಮೇಲೂ ಪುಸ್ತಕ ಮುಚ್ಚಿ, ಫೋನ್ ಆಫ್ ಮಾಡಿ, ಮೆಸ್‌ಗೂ ಹೋಗದೆ ಮಲಗೋದು. ವೇಟ್‌ಲಿಫ್ಟಿಂಗ್‌ನಲ್ಲಿ ತಪ್ಪಿದ ಮೇಲೆ ಮುಂದಿನ ಎತ್ತೂ ನಿಮ್ಮದೇ ಆಗಿದ್ದರೆ ಗಡಿಯಾರ ಕೊಡೋದು ಎರಡೇ ನಿಮಿಷ. ಕೈಗೆ ಪೌಡರ್ ಹಚ್ಚಿಕೊಂಡು ಬರಬೇಕು. ನನಗೆ ಎರಡು ನಿಮಿಷ ಸಾಲಲ್ಲ, ಗೊತ್ತು. ಈಗ ಎರಡು ವಾರ ಅಂತ ಇಟ್ಟುಕೊಂಡಿದ್ದೇನೆ. ಬೇಜಾರು ಮಾಡಿಕೊಳ್ಳಲು ಅಷ್ಟು ಸಾಕಾಗುತ್ತೆ.

ಆ ಆಗಸ್ಟ್‌ನಲ್ಲಿ ಒಂದು ಹಾಳೆ ತೆಗೆದುಕೊಂಡು ನಾನು ಬರೆಯಬಹುದಾದ ಪರೀಕ್ಷೆಗಳನ್ನೆಲ್ಲ ಕೆಳಗಿನಿಂದ ಮೇಲೆ ಬರೆದೆ. ಜ್ವರ ಬಂದ ದಿನವೂ ಪಾಸಾಗಬಲ್ಲೆ ಅನ್ನೋದು ಯಾವುದು? ಒಂದು ಪತ್ತಿನ ಸಹಕಾರಿ ಸಂಘದ ಕ್ಲರ್ಕ್ ಕೆಲಸ. ನಮ್ಮ ಜಿಲ್ಲೆಯವರಿಗೆ ಸಹಕಾರಿ ಸಂಘ ಹೊಸದೇನಲ್ಲ, 1905ರಲ್ಲೇ ಕಣಗಿನಹಾಳದಲ್ಲಿ ಒಂದು ಶುರುವಾಗಿತ್ತು. ಬರೆದೆ, ಆಯಿತು. ಮುಂದಿನ ವರ್ಷದಿಂದ ಅಪ್ಪ ರೊಕ್ಕ ಕೊಡೋದು ನಿಂತಿತು. ಆಮೇಲೆ ಪಿಡಿಒ ಬರೆದೆ, ಆಗಲಿಲ್ಲ. ಎರಡು ವಾರ ಬೇಜಾರಾಯಿತು. ಮತ್ತೆ ಬರೆಯುತ್ತೇನೆ. ಬೆಳಗ್ಗೆ ಐದರಿಂದ ಎಂಟು ಓದು, ಹತ್ತಕ್ಕೆ ಕೌಂಟರ್. ಕೆಎಎಸ್‌ಗೆ ಇನ್ನು ವಯಸ್ಸಿನ ಮಿತಿಯ ಲೆಕ್ಕ. ಹಾಳೆಯಲ್ಲಿ ಅದರ ಹೆಸರು ಈಗಲೂ ತುದಿಯಲ್ಲಿದೆ, ಅಳಿಸಿಲ್ಲ.

ನಿಮ್ಮದು ಯಾವ ಪರೀಕ್ಷೆ ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ಮುಂದಿನ ಸಲ ಯಾರಾದರೂ ವಿಡಿಯೊ ಕಳಿಸಿದರೆ ಸಂಗೀತ ಹಾಕಿ ಕತ್ತರಿಸಿದ ತುಣುಕು ನೋಡಬೇಡಿ. ಪೂರ್ತಿ ಸ್ಪರ್ಧೆ ಹುಡುಕಿ, ಗೆದ್ದವರು ಮೊದಲ ಸಲ ಎಷ್ಟು ಹಾಕಿಸಿದ್ದರು ಅಂತ ನೋಡಿ.

ಮೀರಾಬಾಯಿಯ ಪ್ಯಾರಿಸ್ ಒಲಿಂಪಿಕ್ಸ್‌ನದೂ ಹೇಳಿಬಿಡುತ್ತೇನೆ. 2024ರ ಆಗಸ್ಟ್ 7, ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಶುರು. ಕಾಕಾ ಮಲಗಿಬಿಟ್ಟಿದ್ದರು, ನಾನೊಬ್ಬನೇ ನೋಡಿದೆ. ಸ್ನ್ಯಾಚ್ 88, ಕ್ಲೀನ್ ಅಂಡ್ ಜರ್ಕ್ 111. ಒಟ್ಟು 199. ಕೊನೆಗೆ 114 ಹಾಕಿಸಿದಳು, ಆಗಲಿಲ್ಲ. ಕಂಚು ಹೋಗಿದ್ದು 200ಕ್ಕೆ. ನಾಲ್ಕನೇ ಸ್ಥಾನ. ಅಷ್ಟು ಹೊತ್ತಿಗೆ ಇಲ್ಲಿ ತಾರೀಖು ಬದಲಾಗಿತ್ತು. ಆಗಸ್ಟ್ 8 ಅವಳ ಹುಟ್ಟುಹಬ್ಬ, ಮೂವತ್ತು ತುಂಬಿತ್ತು.

ಬೆಳಗ್ಗೆ ಕಾಕಾ ಟವೆಲ್ ತಲೆಗೆ ಸುತ್ತಿಕೊಂಡು ಮಾರ್ಕೆಟ್‌ಗೆ ಹೊರಟಿದ್ದರು. "ನಿನ್ನ ಹುಡುಗಿ ಏನಾತು?" ಅಂತ ಕೇಳಿದರು.

"ಒಂದು ಕೆಜಿಗೆ ಹೋಯಿತು ಕಾಕಾ."

ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು. "ಒಂದ ಕೆಜಿ ಅಂದ್ರ ಖಾಲಿ ಚೀಲದ ತೂಕ ಆತಲ್ಲೋ" ಅಂದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಹೆಸರುಕಾಳಿನ ಮಾಲು ಬರಲು ಶುರುವಾಗಿತ್ತು.