ಬಿಡುಗಡೆಯಾದ ಮೇಲೂ ಯಜೀದಿ ಹೆಂಗಸರಿಗೆ ನೆಮ್ಮದಿ ಯಾಕಿಲ್ಲ?

ಐಸಿಸ್ ಉಗ್ರರ ಸೆರೆಯಿಂದ ಹೊರಬಂದು ಇಷ್ಟು ವರ್ಷವಾದರೂ ಯಜೀದಿ ಹೆಂಗಸರು ಯಾಕೆ ಚೇತರಿಸಿಕೊಂಡಿಲ್ಲ ಎಂದು ಕೇಳಿದ್ದೀರಿ. ಯಜೀದಿಗಳೆಂದರೆ ಉತ್ತರ ಇರಾಕಿನ ಕಡೆಯ ಒಂದು ಸಣ್ಣ ಧಾರ್ಮಿಕ ಸಮುದಾಯ. ಅವರ ಪಾಲಿಗೆ ಅದು ಇನ್ನೂ ಮುಗಿದೇ ಇಲ್ಲ. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್‌ನಿಂದ 6,000ಕ್ಕೂ ಹೆಚ್ಚು ಯಜೀದಿಗಳನ್ನು ಐಸಿಸ್‌ನವರು ಎಳೆದೊಯ್ದರು. ಅವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. 2,000ಕ್ಕೂ ಹೆಚ್ಚು ಜನರ ಸುಳಿವು ಇವತ್ತಿಗೂ ಇಲ್ಲ. ತಂಗಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಅತ್ತು ಹಗುರಾಗುವುದಾದರೂ ಹೇಗೆ?

ಕೆಟ್ಟ ಕನಸು, ನಿದ್ದೆಯಿಲ್ಲದ ರಾತ್ರಿ. ಕೆಲವರು ಹಳೆಯದು ನೆನಪಾದರೆ ಮೂರ್ಛೆ ಹೋಗುತ್ತಾರೆ. ದಯವಿಟ್ಟು ಅದನ್ನು ನಾಟಕ ಅಂದುಕೊಳ್ಳಬೇಡಿ. ಮನಸ್ಸು ತಾಳಲಾರದ್ದು ಮೈಯಲ್ಲಿ ಕಾಣಿಸುತ್ತದೆ, ಅಷ್ಟೇ.

ಅವರ ಧರ್ಮಗುರು ಬಾಬಾ ಶೇಖ್, ಮರಳಿ ಬಂದವರನ್ನು ಗೌರವದಿಂದ ಸೇರಿಸಿಕೊಳ್ಳಿ ಎಂದರು. ಸಣ್ಣ ಮಾತಲ್ಲ ಅದು. ಯಜೀದಿಗಳ ಪುಣ್ಯಕ್ಷೇತ್ರ ಲಾಲಿಶ್‌ನ ಪವಿತ್ರ ನೀರಿನಲ್ಲಿ ಎಷ್ಟೋ ಜನರಿಗೆ ಮತ್ತೆ ದೀಕ್ಷೆ ಸಿಕ್ಕಿತು. ಆದರೆ ಸೆರೆಯಲ್ಲಿ ಐಸಿಸ್ ಗಂಡಸರಿಂದ ಹುಟ್ಟಿದ ಮಕ್ಕಳನ್ನು ಸಮುದಾಯ ಒಪ್ಪಲಿಲ್ಲ. ಮನೆಗೆ ಮರಳಲು ಹೆತ್ತ ಮಗುವನ್ನೇ ಬಿಟ್ಟುಬಂದ ತಾಯಂದಿರಿದ್ದಾರೆ. ಎಲ್ಲಕ್ಕಿಂತ ಆಳದ ಗಾಯ ಇದೇ ಎಂದು ನನಗನಿಸುತ್ತದೆ.

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಸುಮಾರು 1,100 ಹೆಂಗಸರು, ಮಕ್ಕಳನ್ನು ಕರೆಸಿಕೊಂಡು ಚಿಕಿತ್ಸೆ ಕೊಟ್ಟಿತು. ಇರಾಕ್ 2021ರಲ್ಲಿ ಪರಿಹಾರದ ಕಾನೂನು ತಂದಿತು. ಆದರೂ ಉತ್ತರ ಇರಾಕಿನ ದುಹೋಕ್ ಕಡೆಯ ನಿರಾಶ್ರಿತರ ಶಿಬಿರಗಳಲ್ಲಿ, ಟೆಂಟ್‌ಗಳಲ್ಲೇ ವರ್ಷಗಟ್ಟಲೆ ಕಳೆದವರು ಬಹಳ. ಸ್ವಂತ ಬಾಗಿಲು ಹಾಕಿ ಮಲಗಲು ಒಂದು ಮನೆಯಿಲ್ಲದೆ ಬರೀ ಔಷಧಿ ಎಷ್ಟು ಕೆಲಸ ಮಾಡೀತು, ಹೇಳಿ?